ಡೊಂಕು ಹಲ್ಲಿನ ಸಾಲು

ಸಂಗ್ವಿಯನ್ ದೊಡ್ಡಮ್ಮನ ಚಿತೆಗೆ ಬಾಳೆಪಟ್ಟೆಯ ಚಿತ್ತಾರ ಕೊರೆಯುವ ಕೆಲಸ ಸಾಯ್‌ಬುವಾಳ ಪಾಲಿಗೇ ಬಂತು. ಬಾರದೆ ಇನ್ನೇನು? ಪೆಟ್ಚಬುರಿ ಊರಿನಲ್ಲಿ ಈಗ ಆ ಕೆಲಸಕ್ಕೆ ಹೆಸರು ಇರುವುದೇ ಅವಳೊಬ್ಬಳಿಗೆ. ಆ ಹೆಸರು ಹೇಗೆ ಬಂತು ಅನ್ನುವುದು ಮಾತ್ರ ಅವಳ ಹೊಟ್ಟೆಯೊಳಗೇ ಇತ್ತು, ಮೂರು ವರ್ಷದಿಂದ.

ಬೆಳಿಗ್ಗೆ ಕಡಿದು ತಂದ ಬಾಳೆದಿಂಡುಗಳು ಬೌದ್ಧ ದೇವಾಲಯದ ಚಪ್ಪರದಲ್ಲಿ ಸಾಲಾಗಿ ಬಿದ್ದಿದ್ದವು. ಸಂಜೆ ನಾಲ್ಕಕ್ಕೆ ಬೆಂಕಿ. ಅಷ್ಟರೊಳಗೆ ಕೊರೆದು, ಹಿಂದೆ ಬಣ್ಣದ ಕಾಗದ ಕೊಟ್ಟು, ಬಿದಿರುಕಡ್ಡಿ ಚುಚ್ಚಿ ಕಟ್ಟಿಬಿಡಬೇಕು. ತಡವಾದರೆ ಪಟ್ಟೆ ಕಪ್ಪಾಗುತ್ತದೆ. ಸಾಯ್‌ಬುವಾ ಹೂವು, ಊದುಬತ್ತಿ ಇಟ್ಟು ಹಿಂದಿನ ಗುರುಗಳಿಗೆಲ್ಲ ಕೈಮುಗಿದಳು. ಬದುಕಿರುವ ಗುರು ಎರಡು ಮಾರು ಆಚೆ ಮಣೆಯ ಮೇಲೆ ಕೂತಿದ್ದರು. ಅವರತ್ತ ತಿರುಗಲು ಅವಳಿಗೆ ಮುಖವಿರಲಿಲ್ಲ.

ಅವರು ಪ್ಲೆಂಗ್ ಮೇಷ್ಟ್ರು, ದೊಡ್ಡಮ್ಮನ ಗಂಡ. ಹೆಂಗಸಿನ ಕೈಗೆ ಈ ಚೂರಿ ಕೊಡಬೇಡಿ ಅಂತ ಊರೆಲ್ಲ ಬಾಯಿ ಬಡಿದುಕೊಂಡಾಗ, "ಚೂರಿಗೇನು ಗೊತ್ರೀ ಹಿಡಿದಿರೋದು ಗಂಡೋ ಹೆಣ್ಣೋ ಅಂತ?" ಅಂದು ಅವಳಿಗೆ ಕಲಿಸಿದವರು. ಮೊದಲ ಆರು ತಿಂಗಳು ಬರೀ ಮೀನಿನ ಹಲ್ಲು, ಅಂದರೆ ಸಾಲಾಗಿ ಸಣ್ಣ ತ್ರಿಕೋನಗಳು. ಗೆರೆ ಎಳೆದುಕೊಳ್ಳುವ ಹಾಗಿಲ್ಲ, ಅಳತೆಕೋಲು ಮುಟ್ಟುವ ಹಾಗಿಲ್ಲ. "ಕಣ್ಣೇ ಅಳತೆಕೋಲು," ಅನ್ನುತ್ತಿದ್ದರು. "ಕೊರೆದಿದ್ದಷ್ಟೇ ಚಿತ್ತಾರ ಅಂದ್ಕೋಬೇಡ. ಬಿಟ್ಟ ಜಾಗ ನೋಡು. ಅದೂ ಹಲ್ಲೇ, ತಲೆಕೆಳಗಾದ ಹಲ್ಲು. ಒಂದಕ್ಕೊಂದು ಸಮ ಬಂದರೆ ಉಸಿರಾಡಿದ ಹಾಗಿರುತ್ತೆ." ಒಮ್ಮೆ ಹೀಗೆ ಕೊರೆದರೆ ಪಟ್ಟೆ ಉದ್ದಕ್ಕೆ ಎರಡಾಗಿ ಬಿಡಿಸಿಕೊಳ್ಳುತ್ತದೆ, ಎರಡರ ಅಂಚಿಗೂ ಅದೇ ಹಲ್ಲು. ಒಂದು ಚಿತೆಯ ಎಡಕ್ಕೆ, ಇನ್ನೊಂದು ಬಲಕ್ಕೆ. ಚೆಂದವೂ ಎರಡು ಕಡೆ, ತಪ್ಪೂ ಎರಡು ಕಡೆ.

ಮೂರು ವರ್ಷದ ಕೆಳಗೆ ಹಿರಿಯ ಭಿಕ್ಕುಗಳ ಚಿತೆಗೆ ಇಬ್ಬರೂ ಸೇರಿ ಕೊರೆದಿದ್ದರು. ಯಾರೋ ಪುಣ್ಯಾತ್ಮರು, "ಅಬ್ಬಾ, ಮೇಷ್ಟ್ರನ್ನೇ ಮೀರಿಸ್ತಾಳೆ!" ಅಂದರು. ಸಾಯ್‌ಬುವಾ ಹಿಗ್ಗಿ ತಲೆಯೆತ್ತಿದಳು. ಚೂರಿ ಜಾರಿತು. ಏಳೆಂಟು ಹಲ್ಲು ವಾಲಿಕೊಂಡವು. ಸರಿಮಾಡಲು ಹೊತ್ತಿರಲಿಲ್ಲ, ಇಬ್ಬರೂ ಕೊರೆದ ಪಟ್ಟೆಗಳನ್ನು ಬಾಡದಂತೆ ಸುತ್ತಿಟ್ಟಿದ್ದ ಒದ್ದೆಬಟ್ಟೆಯೊಳಗೆ ಅದನ್ನೂ ಸುಮ್ಮನೆ ತೂರಿಸಿಬಿಟ್ಟಳು. ಕಟ್ಟಿ ನಿಲ್ಲಿಸಿದ ಮೇಲೆ ಎಡಕ್ಕೂ ಬಲಕ್ಕೂ ಡೊಂಕು ಎದ್ದು ಕಂಡಿತು. "ಪಾಪ, ಮೇಷ್ಟ್ರಿಗೆ ಎಪ್ಪತ್ತು ದಾಟಿತಲ್ಲ, ಕೈ ನಡುಗುತ್ತೆ," ಅಂತ ಜನ ಗುಸುಗುಸು ಅಂದರು. ಮೇಷ್ಟ್ರು ಹತ್ತಿರ ಹೋಗಿ ನೋಡಿದರು. ಅವಳ ಕೈ ಅವರ ಕೈಯಂತೆಯೇ ಪಳಗಿತ್ತು, ಗುರುತು ಹತ್ತುವುದು ಹೇಗೆ? "ನಂದೇ ಇರಬೇಕು," ಅಂದರು. ಪಕ್ಕದಲ್ಲೇ ಬಿದಿರುಕಡ್ಡಿ ಹಿಡಿದು ನಿಂತಿದ್ದ ಸಾಯ್‌ಬುವಾಳ ನಾಲಿಗೆ ಬಿದ್ದುಹೋಗಿತ್ತೇ? ಹೆಂಗಸಿನ ಕೈಗೆ ಕೊಟ್ಟರೆ ಇನ್ನೇನಾದೀತು ಅಂತಾರೆ ಅನ್ನುವ ಭಯಕ್ಕೆ ತುಟಿ ಬಿಚ್ಚಲಿಲ್ಲ. ಮರುದಿನವೇ ಅವರು ಚೂರಿ ತಂದು ಅವಳ ಕೈಗಿಟ್ಟರು. ಮತ್ತೆ ಮುಟ್ಟಲಿಲ್ಲ.

ಇವತ್ತು ಅದೇ ಚೂರಿ ಅವಳ ಕೈಯಲ್ಲಿತ್ತು.

"ಮೀನಿನ ಹಲ್ಲೇ ಸಾಕು ಕಣಮ್ಮ," ಅಂದರು ಮೇಷ್ಟ್ರು. "ಅವಳಿಗೆ ಆಡಂಬರ ಆಗ್ತಿರಲಿಲ್ಲ."

"ಒಂದು ಸಾಲು ನೀವು ಕೊರೀರಿ ಮೇಷ್ಟ್ರೇ."

"ನಾನಾ? ಒಳ್ಳೇ ಕಥೆ! ಐವತ್ತು ವರ್ಷ ಸಂಸಾರ ಮಾಡಿದವಳು, ಕೊನೇ ದಿನ ಅವಳ ಮರ್ಯಾದೆ ತೆಗೀಲಾ? ನೀನೇ ಮಾಡು."

ಅಷ್ಟು ದಿನ ಬಾಯಲ್ಲಿಟ್ಟುಕೊಂಡಿದ್ದ ಬಿಸಿತುಪ್ಪ. ಇನ್ನು ಆಗಲಿಲ್ಲ ಅವಳಿಗೆ. ಈಗಲೂ ನುಂಗಿದರೆ ಈ ಮನುಷ್ಯ ಹೆಂಡತಿಯ ಚಿತೆಗೂ ಕೈ ಹಚ್ಚದೆ ಕೂರುತ್ತಾರೆ. ಚೂರಿ ಕೆಳಗಿಟ್ಟು ಅವರ ಕಾಲ ಬಳಿ ಕೂತಳು.

"ಅವತ್ತು ಭಿಕ್ಕುಗಳ ಚಿತೇಲಿದ್ದ ಡೊಂಕು ಸಾಲು ನಿಮ್ಮದಲ್ಲ ಮೇಷ್ಟ್ರೇ. ನಂದು. ಗೊತ್ತಿದ್ದೂ ಸುಮ್ಮನಿದ್ದೆ. ನಿಮ್ಮ ಕೈಗೆ ಏನೂ ಆಗಿರಲಿಲ್ಲ."

ಬೈಯಲಿ, ಹೊಡೆಯಲಿ ಅಂತ ಕಾದಳು. ಅವರು ತಮ್ಮ ಅಂಗೈಯನ್ನೇ ನೋಡುತ್ತ ಕೂತರು.

"ದಿನಾ ಹೇಳೋಳು ಸಂಗ್ವಿಯನ್," ಅಂದರು ಕಡೆಗೆ. "ನಿಮ್ಮ ಕೈ ಸರಿಯಾಗೇ ಇದೇರೀ, ಸಾರು ಬಡಿಸಿಕೊಂಡ್ರೆ ಒಂದು ಹನಿ ಚೆಲ್ಲಲ್ಲ ಅಂತ. ನಿಂಗೇನೇ ಗೊತ್ತು ಅಂತ ಗದರಿಸಿ ಬಾಯಿ ಮುಚ್ಚಿಸ್ತಿದ್ದೆ."

ಸಾಯ್‌ಬುವಾಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಒಂದು ವಾರ ಮುಂಚೆ ಹೇಳಿದ್ದರೂ ದೊಡ್ಡಮ್ಮ ಕೇಳಿಸಿಕೊಂಡು ಹೋಗುತ್ತಿದ್ದಳು.

"ಚೂರಿ ಕೊಡು."

ಕೊಟ್ಟಳು. ಮೇಷ್ಟ್ರು ಪಟ್ಟೆಯೊಂದನ್ನು ಮುಂದೆಳೆದುಕೊಂಡು ಚುಚ್ಚಿದರು. ಮೂರು ವರ್ಷ ಸುಮ್ಮನೆ ಬಿದ್ದಿದ್ದ ಬೆರಳುಗಳು ಬಗ್ಗಲೊಲ್ಲವು. ಒಂದು ಹಲ್ಲು ಉದ್ದ, ಒಂದು ಗಿಡ್ಡ, ನಡುವಿನ ಜಾಗ ಒಮ್ಮೆ ಅಗಲ, ಒಮ್ಮೆ ಇಕ್ಕಟ್ಟು. ಅವರು ನಿಲ್ಲಿಸಲಿಲ್ಲ. ಕೊನೆಯವರೆಗೂ ಕೊರೆದು, ಎರಡಾಗಿ ಬಿಡಿಸಿ, ಅವಳತ್ತ ನೂಕಿದರು.

"ಕಟ್ಟು. ತಲೆ ಹತ್ತಿರ."

ಉಳಿದ ಸಾಲುಗಳನ್ನೆಲ್ಲ ಅವಳು ಕೊರೆದಳು. ಮಧ್ಯಾಹ್ನ ಕಳೆಯುವಷ್ಟರಲ್ಲಿ ಚಿತೆ ಸಿದ್ಧವಾಯಿತು. ಕೆಂಪು ಕಾಗದದ ಮೇಲೆ ಬಿಳಿ ಹಲ್ಲುಗಳು, ಎಲ್ಲ ಒಂದೇ ಸಮ. ತಲೆಯ ಹತ್ತಿರದ ಆ ಒಂದು ಸಾಲು ಮಾತ್ರ ಎರಡು ಕಡೆಯೂ ಡೊಂಕು.

ಜನ ಬಂದರು. ವಾದ್ಯದವನಾದ ಕ್ಲಾಯ್‌ಗೆ ಕಂಡದ್ದನ್ನು ಆಡದಿದ್ದರೆ ತಿಂದದ್ದು ಜೀರ್ಣವಾಗುವುದಿಲ್ಲ. "ಏನಮ್ಮಾ ಸಾಯ್‌ಬುವಾ, ಆ ಸಾಲು ಯಾಕೋ ಕುಡಿದು ಬಂದಂಗಿದೆಯಲ್ಲ?" ಅಂದ. ನಾಲ್ಕಾರು ತಲೆಗಳು ಮೆಲ್ಲಗೆ ಮೇಷ್ಟ್ರತ್ತ ತಿರುಗಿದವು. ಅವತ್ತಿನ ಹಾಗೆಯೇ.

"ನಂದು!" ಅಂದಳು ಸಾಯ್‌ಬುವಾ, ಎಲ್ಲರಿಗೂ ಕೇಳುವ ಹಾಗೆ. "ಹಿರಿಯ ಭಿಕ್ಕುಗಳ ಚಿತೇಲಿ ಡೊಂಕಾಗಿದ್ದಿದ್ದೂ ನಂದೇ. ಮೇಷ್ಟ್ರ ತಲೆಗೆ ಕಟ್ಟಿ ಸುಮ್ಮನಿದ್ದೆ. ಇದೂ ನಂದೇ!"

ಮೇಷ್ಟ್ರು ಎದ್ದರು.

"ಅದು ನಿಂದು. ಇದು ನಂದು," ಅಂದರು. ದನಿ ಏರಲಿಲ್ಲ. "ಅವತ್ತು ನಂದಲ್ಲದ್ದನ್ನ ನಂಗೆ ಹೊರಿಸಿದೆ. ಇವತ್ತು ನಂದಾಗಿರೋದನ್ನೂ ಕಿತ್ಕೋತೀಯಾ?"

ಅವಳು ದಾರಿ ಬಿಟ್ಟು ಹಿಂದೆ ಸರಿದಳು. ಮೇಷ್ಟ್ರು ಚಿತೆಗೆ ಇಡುವ ಚಂದನದ ಚಕ್ಕೆಯ ಹೂವು ಹಿಡಿದು ಚಿತೆಯ ಹತ್ತಿರ ಹೋದರು. ಹೂವಿಟ್ಟು, ಡೊಂಕು ಸಾಲಿನ ಒಂದೊಂದು ಹಲ್ಲನ್ನೂ ಬೆರಳಿನಿಂದ ಮುಟ್ಟಿ ನೋಡಿದರು.

"ನೀನು ಹೇಳಿದ್ದೇ ನಿಜ ಕಣೇ ಸಂಗ್ವಿಯನ್," ಅಂದರು. "ಆಗ ನನ್ನ ಕೈ ಸರಿಯಾಗೇ ಇತ್ತಂತೆ."