ಬಾಯಿ ಬೆಸೆದ ಉಂಗುರ

ಇನ್ನೊಂದು ಕೊಡ ನೀರು ಸುರಿಯುವಾಗ ಪೇಚಿಯಮ್ಮಾಳಳ ಹೆಣದ ಎಡಗಾಲಿನಿಂದ ಬೆಳ್ಳಿಯ ಕಾಲುಂಗುರ ತಾನಾಗಿ ಜಾರಿತು. ಸೋಪಿನ ನೊರೆಯ ಜೊತೆ ಮೋರಿಯತ್ತ ಹೊರಟಿತು.

"ಹಿಡೀರೇ, ಹಿಡೀರೇ," ಎನ್ನುತ್ತ ಸತ್ತವಳ ಗಂಡನ ಅಕ್ಕ ವೆಳ್ಳತ್ತಾಯಿ ಭಾರದ ಕಾಲು ಎಳೆದುಕೊಂಡು ಬಂದಳು.

ಮಗಳು ಇಸಕ್ಕಿ ಮೋರಿಯ ಬಾಯಲ್ಲಿ ಅದನ್ನು ಹೆಕ್ಕಿ ಮುಷ್ಟಿ ಬಿಗಿದಳು.

"ಕೊಡು ತಾಯಿ. ಹಾಕ್ಬೇಕು."

"ಬೇಡ ಅತ್ತೆ. ಅಮ್ಮ ಬರಿಗಾಲಲ್ಲೇ ಹೋಗ್ಲಿ."

ಮರೆಗೆ ಸೀರೆ ಹಿಡಿದಿದ್ದ ಹೆಂಗಸರು ಮುಖ ಮುಖ ನೋಡಿಕೊಂಡರು. ಗಂಡನಿರುವಾಗಲೇ ಸತ್ತವಳನ್ನು ಮದುವಣಗಿತ್ತಿಯ ಹಾಗೆ ಸಿಂಗರಿಸಿ ಕಳಿಸುವುದು ಕೋವಿಲ್‌ಪಟ್ಟಿಯ ಆ ಬೀದಿಗೆ ಒಂಥರಾ ಹಬ್ಬ. ಅವಳ ಹಣೆಯ ಕುಂಕುಮ ಮುಟ್ಟಿ ತಮ್ಮ ತಾಳಿಗೆ ಹಚ್ಚಿಕೊಳ್ಳಲು ಬೆಳಗಿನಿಂದ ಕಾದು ನಿಂತಿದ್ದರು.

"ಪುಣ್ಯ ಮಾಡಿದ್ಲು ಬಿಡು," ಎಂದಳು ಎದುರುಮನೆಯವಳು. "ಮುಖ ಒಂಚೂರು ಸೊಟ್ಟ ಆಗಿದೆ, ಅಷ್ಟೇ."

"ಪುಣ್ಯ ಅಲ್ಲ ಅಕ್ಕ, ಬಿ.ಪಿ.," ಎಂದಳು ಇಸಕ್ಕಿ.

*

ಬೆಂಕಿಪೊಟ್ಟಣದ ಕಾರ್ಖಾನೆಯಲ್ಲಿ ದಿನವಿಡೀ ಕೂತು ಕಡ್ಡಿ ತುಂಬುವವಳು ಪೇಚಿಯಮ್ಮಾಳ್. ಕಳೆದ ವರ್ಷ ತಲೆಸುತ್ತು ಶುರುವಾಯಿತು. ಮನೆಮನೆಗೆ ಬರುವ ಸರ್ಕಾರಿ ನರ್ಸಮ್ಮ ಬಿ.ಪಿ. ನೋಡಿ, ದಿನಕ್ಕೊಂದು ನುಂಗಲು ಅಮ್ಲೋಡಿಪಿನ್ ಮಾತ್ರೆ ಕೊಟ್ಟರು. ತಲೆಸುತ್ತು ನಿಂತಿತು, ಪಾದ ಊದಿತು. ಮದುವೆಯಲ್ಲಿ ತೊಡಿಸಿ, ಬಿಚ್ಚದಂತೆ ಬಾಯಿ ಬೆಸೆದಿದ್ದ ಉಂಗುರ ಮಾಂಸದೊಳಗೆ ಹೂತು ಬೆರಳು ನೇರಳೆ ಬಣ್ಣಕ್ಕೆ ತಿರುಗಿತು.

"ಈ ಮಾತ್ರೆಗೆ ಕೆಲವರಿಗೆ ಕಾಲು ಊದುತ್ತೆ," ಎಂದರು ನರ್ಸಮ್ಮ. "ಉಂಗುರ ಕತ್ತರಿಸಿ ತೆಗೆಸಿ. ಆಸ್ಪತ್ರೆಗೆ ಬನ್ನಿ, ಡಾಕ್ಟ್ರು ಬೇರೆ ಬರೀತಾರೆ. ನೀವಾಗೇ ಮಾತ್ರೆ ಬಿಡಬೇಡಿ ಮತ್ತೆ."

ಮೊದಲ ಮಾತೊಂದೇ ಆ ಮನೆಯ ಕಿವಿಗೆ ಬಿದ್ದದ್ದು.

ಇಸಕ್ಕಿ ಮಾತ್ರ ಅಕ್ಕಸಾಲಿಗನನ್ನು ಕರೆತಂದಳು. ಅವನು ಕತ್ತರಿ ತೆಗೆಯುವಷ್ಟರಲ್ಲಿ ವೆಳ್ಳತ್ತಾಯಿ ಅಡ್ಡ ನಿಂತಳು.

"ಗಂಡ ಕಣ್ಣೆದುರು ಕೂತಿರುವಾಗ ಕತ್ತರಿ ಹಾಕ್ತಾರೇನೇ? ನನ್ನ ಕಾಲಿಂದ ತೆಗೆದ ದಿನ ಆ ಸದ್ದು ಕೇಳಿದೀನಿ. ಈ ಮನೇಲಿ ಇನ್ನೊಂದು ಸಲ ಬೇಡ."

ಅವಳ ಗಂಡ ಲಾರಿಗೆ ಸಿಕ್ಕಿ ಸತ್ತು ಎಷ್ಟೋ ವರ್ಷವಾಗಿತ್ತು. ಆದರೂ ಹೇಳುವಾಗ ಕಾಲಿನ ಬರಿಬೆರಳುಗಳನ್ನು ಸೀರೆಯಂಚಿನೊಳಗೆ ಎಳೆದುಕೊಂಡಳು. ಅವಳ ಭಯ ನಾಟಕವಾಗಿರಲಿಲ್ಲ, ಅದೇ ಕೆಟ್ಟದ್ದು.

ಪೇಚಿಯಮ್ಮಾಳ್ ಗಂಡನ ಮುಖ ನೋಡಿದಳು. ಸುಡಲೈಮುತ್ತು ಒಂದು ಸೀನು ಬಂದರೆ ಹೊಸ್ತಿಲು ದಾಟಿದ ಕಾಲನ್ನು ಒಳಗಿಡುವ ಗಂಡಸು. ಚಹಾ ಲೋಟದೊಳಗೆ ಇಣುಕುತ್ತ, "ಅಕ್ಕ ಹೇಳ್ತಿದಾಳಲ್ಲ," ಎಂದ.

ಅಕ್ಕಸಾಲಿಗ ಹೋದ ಮೇಲೆ ಪೇಚಿಯಮ್ಮಾಳ್ ಮಗಳನ್ನೇ ಸಮಾಧಾನ ಮಾಡಿದಳು. "ಮಾತ್ರೆ ಬಿಟ್ರಾಯ್ತು ಬಿಡೇ. ಆಸ್ಪತ್ರೆ ಸಾಲಲ್ಲಿ ನಿಲ್ಲೋಕೆ ನಂಗೆ ರಜಾ ಯಾರು ಕೊಡ್ತಾರೆ? ತಲೆ ಸುತ್ತೋದು ನಂಗೊಬ್ಳಿಗೇ ಗೊತ್ತಾಗೋದು. ಬರಿಬೆರಳು ಊರಿಗೆಲ್ಲ ಕಾಣುತ್ತೆ."

ಊತ ಇಳಿಯಿತು. ಉಂಗುರ ಸಲೀಸಾಗಿ ತಿರುಗತೊಡಗಿತು. ವಾಸಿಯಾಯಿತೆಂದು ಮನೆಯವರು ಸಮಾಧಾನಪಟ್ಟರು. ನರ್ಸಮ್ಮ ಬೇಜಾರು ಮಾಡಿಕೊಂಡಾರೆಂದು ಪೇಚಿಯಮ್ಮಾಳ್ ಪ್ರತಿ ತಿಂಗಳೂ ಮಾತ್ರೆ ಇಸಿದುಕೊಂಡು ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಿದ್ದಳು. ನಿನ್ನೆ ಬೆಳಿಗ್ಗೆ ಕಡ್ಡಿ ತುಂಬುತ್ತಿದ್ದ ಹಾಗೇ ಬಾಯಿ ಒಂದು ಪಕ್ಕಕ್ಕೆ ಎಳೆದುಕೊಂಡಿತು. ಸಂಜೆಯೊಳಗೆ ಎಲ್ಲ ಮುಗಿಯಿತು.

*

"ಅಪ್ಪಾ, ನೀನೇ ಹೇಳು," ಎಂದಳು ಇಸಕ್ಕಿ, ಮುಷ್ಟಿ ಬಿಡದೆ. "ಈ ಉಂಗುರದ ಸಲುವಾಗೇ ಅಮ್ಮ ಮಾತ್ರೆ ಬಿಟ್ಟಿದ್ದು. ಇವತ್ತಾದ್ರೂ ಬೇಡ ಅನ್ನು."

ಸುಡಲೈಮುತ್ತು ಶಂಖ ಊದುವವನತ್ತ ನೋಡಿದ. ಹೆಂಡತಿಯ ಪಾದ ನೋಡಿದ. ಬಾಯಿ ತೆರೆದ. ಇಸಕ್ಕಿ ಕಾದಳು.

"ಅಕ್ಕ ಹೇಳ್ತಿದಾಳಲ್ಲಮ್ಮ," ಎಂದ.

ವೆಳ್ಳತ್ತಾಯಿ ತಮ್ಮನ ಮಗಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಒರಟಾಗೇನೂ ಅಲ್ಲ, ಮುದ್ದು ಮಾಡುವ ಹಾಗೆಯೇ ಬಿಡಿಸಿದಳು. ಉಂಗುರ ತೊಡಿಸಿದರೆ ನಿಲ್ಲಲಿಲ್ಲ, ಮತ್ತೆ ಜಾರಿತು. ಕೊನೆಗೆ ಅರಿಶಿನದ ದಾರ ಸುತ್ತಿ ಬೆರಳಿಗೆ ಬಿಗಿದಳು. ಹೆಂಗಸರು ಸಾಲಾಗಿ ಬಂದು ಕುಂಕುಮ ಮುಟ್ಟಿಕೊಂಡರು. ಗಂಡಸರು ಹೆಣ ಎತ್ತಿದರು. ಬೀದಿಯ ಕೊನೆಯವರೆಗೆ ಅತ್ತುಕೊಂಡು ಹೋದ ಹೆಂಗಸರು ಅಲ್ಲಿಂದಲೇ ಹಿಂದಿರುಗಿದರು.

ಮನೆ ತೊಳೆದಾದ ಮೇಲೆ ವೆಳ್ಳತ್ತಾಯಿ ಜಗಲಿಯ ಮೇಲೆ ಕಾಲು ಚಾಚಿ ಕೂತಳು. ಅತ್ತು ಅತ್ತು ಅವಳ ದನಿ ಬಿದ್ದುಹೋಗಿತ್ತು.

"ಇಸಕ್ಕಿ, ಬೆಳಿಗ್ಗೆಯಿಂದ ಮಾತ್ರೆ ನುಂಗಿಲ್ಲ ಕಣೇ, ತಲೆ ಗಿರ್ ಅಂತಿದೆ. ನಿಮ್ಮಮ್ಮಂದು ಮಿಕ್ಕಿರುತ್ತಲ್ಲ, ತಾ. ನಂದೂ ಅದೇ ಮಾತ್ರೆ."

ಇಸಕ್ಕಿ ಬಿಸ್ಕತ್ತಿನ ಡಬ್ಬಿಯನ್ನೇ ತಂದು ಅವಳ ಮಡಿಲಲ್ಲಿಟ್ಟಳು. ತುಂಬ ಮಾತ್ರೆಯ ಪಟ್ಟಿಗಳು, ಒಂದನ್ನೂ ಒಡೆದಿರಲಿಲ್ಲ. ವೆಳ್ಳತ್ತಾಯಿ ಒಂದು ಮಾತ್ರೆ ಬಿಡಿಸಿ ಬಾಯಿಗೆ ಹಾಕಿಕೊಂಡು, ತಮ್ಮನ ಮಗಳು ಕೊಟ್ಟ ನೀರು ಕುಡಿದು, ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಊದಿದ ಅವಳ ಪಾದಗಳಲ್ಲಿ ಉಂಗುರವಿಲ್ಲದ ಬೆರಳುಗಳು ಆರಾಮಾಗಿ, ಅಗಲವಾಗಿ ಹರಡಿಕೊಂಡಿದ್ದವು.