ಗಾರ್ಲೆಂಡ್‌ಗಾಗಿ ಹೇಳಿದ ಸುಳ್ಳು

ಸತ್ಯದ ತಲೆಯ ಮೇಲೆ ಹೊಡೆದ ಹಾಗೆ ಸುಳ್ಳು ಹೇಳುವುದರಲ್ಲಿ ನನಗೆ ಮೂವತ್ತೊಂದು ವರ್ಷಗಳ ಅನುಭವವಿದೆ. ನನ್ನ ಗಂಡ ಲೈಲ್ ಕುಡಿದು ಏಳಲಾರದ ಸೋಮವಾರಗಳಲ್ಲೆಲ್ಲ ಹಡಗುಕಟ್ಟೆಯ ಮೇಸ್ತ್ರಿಗೆ ಫೋನ್ ಮಾಡಿ "ಅವರಿಗೆ ಜ್ವರ" ಎನ್ನುತ್ತಿದ್ದೆ. ಆ ಕುಡಿತದಿಂದಲೇ ಲೈಲ್ ತೀರಿಕೊಂಡ ಮೇಲೆ ಆ ವಿದ್ಯೆ ಮೂಲೆ ಸೇರಿತು ಅಂದುಕೊಂಡಿದ್ದೆ. ಎಲ್ಲಿ ಸೇರಿತು!

ಏಪ್ರಿಲಿನಲ್ಲಿ ಕೆಸ್ಲರ್ ಎಂಬ ಹುಡುಗಿ ಸರ್ಕಾರದ ಬಿಲ್ಲೆ ತೋರಿಸಿ ನನ್ನ ಜಗಲಿಯಲ್ಲಿ ಕೂತಳು. ಪಕ್ಕದ ಮನೆಯ ಗಾರ್ಲೆಂಡ್ ವೆಲ್ಡಿಂಗ್ ಕೆಲಸದವನು. ನೌಕಾಪಡೆಯ ಜಲಾಂತರ್ಗಾಮಿಗಳ ಒಳಗೆ ಕಾಲಿಡಲು ಅವನಿಗೆ ಭದ್ರತಾ ಅನುಮತಿ ಬೇಕಿತ್ತು. ಸಿಗದಿದ್ದರೆ ಕೆಲಸವೇ ಹೋಗುತ್ತಿತ್ತು. ಅದಕ್ಕೇ ಈ ವಿಚಾರಣೆ.

"ಗಾರ್ಲೆಂಡ್ ಕುಡೀತಾರಾ?" ಎಂದಳು.

"ಅವನಾ? ಐಸ್ ಟೀ ಬಿಟ್ರೆ ಬೇರೇನೂ ಮುಟ್ಟಲ್ಲಮ್ಮ."

"ಮೊದಲು?"

"ಮೊದಲೂ ಅಷ್ಟೆ. ನಾನು ಕಂಡ ಹಾಗೆ ಒಂದು ತೊಟ್ಟೂ ಇಲ್ಲ."

ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಬರೆದುಕೊಂಡು, ತನ್ನ ನಂಬರಿನ ಚೀಟಿ ಕೊಟ್ಟು ಹೋದಳು.

ನಾನು ಬೀಗುತ್ತಾ ಬೇಲಿಯ ಹತ್ತಿರ ಹೋಗಿ ಗಾರ್ಲೆಂಡನಿಗೆ ವರದಿ ಒಪ್ಪಿಸಿದೆ. ಅವನು ಹುಲ್ಲು ಕತ್ತರಿಸುವ ಯಂತ್ರ ನಿಲ್ಲಿಸಿ ಅದರ ಪಕ್ಕದಲ್ಲೇ ಕುಸಿದು ಕೂತ.

"ವರ್ನಾ ಅಮ್ಮಾ, ನಾನು ಅರ್ಜಿಯಲ್ಲಿ ಎಲ್ಲಾ ಬರ್ದು ಕೊಟ್ಟಿದೀನಿ. ಕುಡಿದು ಗಾಡಿ ಓಡ್ಸಿ ನಿಮ್ಮ ಟಪಾಲು ಪೆಟ್ಟಿಗೆ ಮುರಿದಿದ್ದು, ಪೊಲೀಸ್ನೋರು ಹಿಡಿದಿದ್ದು, ಕುಡಿತ ಬಿಡೋಕೆ ಆಸ್ಪತ್ರೆ ಸೇರಿದ್ದು."

"ಲೋ ಪೆದ್ದ, ಅದನ್ನೆಲ್ಲ ಯಾರಾದ್ರೂ ಬರೀತಾರೇನೋ?"

"ಕುಡಿತ ಬಿಟ್ಟಿದೀನಿ ಅಂದ್ರೆ ಮನ್ನಿಸಬಹುದು. ಮುಚ್ಚಿಟ್ರೆ ಮುಗೀತು. ನಾಲ್ಕು ವರ್ಷದಿಂದ ಮುಟ್ಟಿಲ್ಲ ಅನ್ನೋದಕ್ಕೆ ಸಾಕ್ಷಿ ಅಂತ ನಿಮ್ಮ ಹೆಸರು ಕೊಟ್ಟಿದ್ದೆ. ಈಗ ನಾನೇ ಸುಳ್ಳು ಹೇಳಿಕೊಟ್ಟೆ ಅಂದ್ಕೋತಾರೆ."

ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅವನು ಎದ್ದು ಮತ್ತೆ ಯಂತ್ರ ಚಾಲೂ ಮಾಡಿದ.

ಮಾರನೆಯ ಬೆಳಿಗ್ಗೆ ಚೀಟಿ ಹುಡುಕಿ ಫೋನ್ ಮಾಡಿದೆ. ಕೆಸ್ಲರ್ ಮತ್ತೆ ಬಂದಳು.

"ನಿನ್ನೆ ಹೇಳಿದ್ದು ಸುಳ್ಳು. ಅವನು ಹೇಳಿಕೊಟ್ಟಿದ್ದಲ್ಲ, ನನ್ನ ಹಳೇ ಚಾಳಿ," ಎಂದೆ. ಟಪಾಲು ಪೆಟ್ಟಿಗೆಯ ಕಥೆ ಹೇಳಿದೆ. ಆಮೇಲೆ ಅವನ ಗಾಡಿ ಲೈಸೆನ್ಸ್ ರದ್ದಾದಾಗ ಒಂದು ವರ್ಷ ಪ್ರತಿ ಮಂಗಳವಾರ ಚರ್ಚಿನ ನೆಲಮಾಳಿಗೆಯಲ್ಲಿ ನಡೆಯುವ ಕುಡಿತ ಬಿಟ್ಟವರ ಸಭೆಗೆ ಅವನನ್ನು ನಾನೇ ಕರೆದೊಯ್ದದ್ದನ್ನೂ ಹೇಳಿದೆ.

"ನಿನ್ನೆ ಒಂದು, ಇವತ್ತೊಂದು. ಅವರು ಈಗ ಕುಡಿಯಲ್ಲ ಅಂತ ಹೇಗೆ ನಂಬಲಿ?"

"ಮೂವತ್ತೊಂದು ವರ್ಷ ಕುಡುಕನ ಜೊತೆ ಬಾಳಿದೀನಮ್ಮ. ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳಿದ್ರೆ ಸಾಕು, ಎಷ್ಟು ಏರಿಸಿದಾನೆ ಅಂತ ಹೇಳ್ತೀನಿ. ಗಾರ್ಲೆಂಡ್ ದಿನಾ ಸಂಜೆ ನನ್ನ ವಿಚಾರಿಸೋಕೆ ಇದೇ ಮೆಟ್ಟಿಲು ಹತ್ತಿ ಬರ್ತಾನೆ."

ಅವಳ ಪೆನ್ನು ನಿಂತಿತು. "ನಿಮ್ಮ ಗಂಡ ಬಿಡಲೇ ಇಲ್ವಾ?"

"ಬಿಡು ಅನ್ನೋಕೆ ಯಾರಿಗಾದ್ರೂ ಗೊತ್ತಾಗ್ಬೇಕಲ್ಲ. ನಾನು ಕೆಲಸದ ಕಡೆ ಫೋನ್ ಮಾಡಿ ಜ್ವರ ಅಂತಿದ್ದೆ, ಮೇಸ್ತ್ರಿ ನಂಬ್ತಿದ್ದ. ಬೇಕಾದ್ರೆ ಅದನ್ನೂ ಬರ್ಕೋ."

ಬರೆದುಕೊಂಡಳು.

ಸೆಪ್ಟೆಂಬರಿನ ಒಂದು ಸಂಜೆ ಗಾರ್ಲೆಂಡ್ ಎರಡೆರಡು ಮೆಟ್ಟಿಲು ಹತ್ತಿ ಬಂದ. ಅನುಮತಿ ಸಿಕ್ಕಿತ್ತು. ನಾನು ಅತ್ತುಬಿಟ್ಟೆ. ತನಗಾಗಿ ಅಳುತ್ತಿದ್ದೇನೆಂದುಕೊಂಡು ಅವನು ನನ್ನ ಭುಜ ತಟ್ಟಿದ. ಒಂದೇ ಒಂದು ಸೋಮವಾರ ಆ ಮೇಸ್ತ್ರಿಗೆ ನಿಜ ಹೇಳಿದ್ದರೆ, ಲೈಲ್ ಕೂಡ ಇದೇ ಜಗಲಿಯಲ್ಲಿ ಕೂತು ಟೀ ಕುಡಿಯುತ್ತಿದ್ದನೇನೋ.