ನುಗ್ಗೆಸೊಪ್ಪಿನ ಸುದ್ದಿ

ಪೂನಂಳ ಸಂಶೋಧನೆಯ ಸುದ್ದಿ ಪತ್ರಿಕೆಯಲ್ಲಿ ಬಂದ ಮೇಲೆ ಅವಳ ಊರು ಮುಡಬಿಯ ನುಗ್ಗೆ ಮರಗಳು ಬೋಳಾಗತೊಡಗಿದವು.

ಅವಳು ಹುಮನಾಬಾದಿನ ಕಾಲೇಜಿನಲ್ಲಿ ಎಂ.ಫಾರ್ಮಾ ಓದುತ್ತಿದ್ದಳು. ಕೆಲವು ಔಷಧಿಗಳು ರೋಗ ವಾಸಿಮಾಡುತ್ತಲೇ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ಸೋಂಕಿಗೆ ಕೊಡುವ ಅಂಥದೊಂದು ಇಂಜೆಕ್ಷನ್ನಿನ ಪೆಟ್ಟನ್ನು ನುಗ್ಗೆಸೊಪ್ಪಿನ ಆಂಟಿಆಕ್ಸಿಡೆಂಟುಗಳು ತಡೆಯಬಲ್ಲವೇ ಎಂದು ಇಲಿಗಳ ಮೇಲೆ ನೋಡಿದ್ದಳು. ಇಂಜೆಕ್ಷನ್ನಿಗೆ ಮೊದಲೇ ಸೊಪ್ಪಿನ ಸಾರ ಕುಡಿದ ಇಲಿಗಳು ಕುಡಿಯದವಕ್ಕಿಂತ ಎಷ್ಟೋ ಚೆನ್ನಾಗಿದ್ದವು. ಪತ್ರಿಕೆಯವರು ಮಾತ್ರ ಇಲಿಗಳನ್ನು ಕೈಬಿಟ್ಟು, ‘ಕಿಡ್ನಿಗೆ ನುಗ್ಗೆಯೇ ಕವಚ: ಮುಡಬಿ ಹುಡುಗಿಯ ಸಾಧನೆ’ ಎಂದು ದಪ್ಪಕ್ಷರದಲ್ಲಿ ಹಾಕಿಬಿಟ್ಟರು.

ರಜೆಗೆಂದು ಊರಿಗೆ ಬಂದಾಗ ಆ ಸುದ್ದಿಯ ತುಂಡು ಗೋಡೆಯ ಮೇಲೆ, ಬಾಬಾಸಾಹೇಬರ ಫೋಟೋದ ಕೆಳಗೆ ಅಂಟಿತ್ತು. ಅಂಟಿಸಿದವಳು ಸೋದರತ್ತೆ ಸುಮನಬಾಯಿ. ತಾಯಿ ತೀರಿದ ಮೇಲೆ ಪೂನಂಳನ್ನು ಸಾಕಿದವಳು ಅವಳೇ. ಆದರೆ ಪೂನಂಳ ಕಣ್ಣು ಗೋಡೆಯ ಮೇಲೆ ನಿಲ್ಲಲಿಲ್ಲ. ಅತ್ತೆಯ ಕಾಲಿನ ಕಡಗ ಮಾಂಸದೊಳಗೆ ಹೂತುಹೋಗಿತ್ತು. ರೆಪ್ಪೆಗಳೂ ಊದಿದ್ದವು.

“ಅತ್ಯಾ, ಇದೇನು ಕಾಲು?”

“ಕಬ್ಬು ಕಡಿಯೋ ಹಂಗಾಮಲ್ಲೇನವ್ವಾ, ಮೊಣಕಾಲು ಬಾಳ ನೋಯಾಕತ್ತಾವ. ಮೊದಲ ಕಿಡ್ನಿ ಕೆಡ್ತದಂತ ಹೆದರ್ಕೋತ ಒಂದು ನೋವಿನ ಗುಳಿಗಿ ನುಂಗತಿದ್ದೆ. ಈಗ ಮುಂಜಾನಿ, ಸಂಜಿ ಎರಡೂ ಹೊತ್ತು. ಫಿಕರ್ ಮಾಡಬ್ಯಾಡ, ಮ್ಯಾಲ ನಿನ್ನ ಸೊಪ್ಪಿನ ರಸ ಕುಡಿಯಾಕತ್ತೇನಿ. ಕಿಡ್ನಿಗೆ ಏನೂ ಆಗಂಗಿಲ್ಲಂತ ನೀನೇ ಹೇಳೀದಿ.”

ಹೊತ್ತು ಕಳೆದಷ್ಟೂ ಕೇಡು ಎಂದು ಪೂನಂಳಿಗೆ ಗೊತ್ತಿತ್ತು. “ಚಪ್ಪಲಿ ಮೆಟ್ಟು, ಕಲ್ಯಾಣಕ್ಕ ಹೋಗೋಣು,” ಎಂದಳು. ಅತ್ತೆ ಗೊಣಗುತ್ತಿರುವಾಗಲೇ ಆಟೋ ನಿಲ್ಲಿಸಿ ಹತ್ತಿಸಿದಳು.

ಬಸವಕಲ್ಯಾಣದ ಆಸ್ಪತ್ರೆಯಲ್ಲಿ ಡಾಕ್ಟರ್ ಅನುರಾಧಾ ರಕ್ತ ಪರೀಕ್ಷೆ ಮಾಡಿಸಿದರು. “ಕಿಡ್ನಿಗೆ ಪೆಟ್ಟು ಬಿದ್ದದ. ಆದರ ವ್ಯಾಳ್ಯಾಕ್ಕ ಬಂದೀರಿ. ನೋವಿನ ಗುಳಿಗಿ ಇವತ್ತೇ ಬಂದ್. ಸೊಪ್ಪಿನ ರಸಾನೂ ಬಂದ್. ಅದರಾಗ ಪೊಟ್ಯಾಶಿಯಂ ಬಾಳ. ದಣಿದ ಕಿಡ್ನಿ ಅದನ್ನ ಹೊರಗ ಹಾಕಲಿಲ್ಲಂದ್ರ ಎದಿಗೆ ಕುತ್ತು.”

ಸುಮನಬಾಯಿ ಕೆರಳಿದಳು. “ಅಂದ್ರ ನಮ್ಮ ಹುಡುಗಿ ಸುಳ್ಳು ಹೇಳ್ಯಾಳೇನ್ರಿ?”

“ಸುಳ್ಳಲ್ಲ ಅತ್ಯಾ,” ಪೂನಂ ಅವಳ ಕೈ ಹಿಡಿದಳು. “ಅರ್ಧ ಖರೆ. ಉಳಿದರ್ಧ ನಾನು ಹೇಳ್ತೀನಿ.”

ಅತ್ತೆಯನ್ನು ವಾರ್ಡಿಗೆ ಸೇರಿಸಿಕೊಂಡರು. ಪೂನಂ ತನ್ನ ಗೈಡ್ ಕಲ್ಲಿನಾಥ ಸರ್‌ಗೆ ಫೋನ್ ಮಾಡಿದಳು. ಪತ್ರಿಕೆಗೆ ಒಂದು ತಿದ್ದುಪಡಿ ಕಳಿಸಿದರಾಯಿತು ಎಂದರು ಅವರು. “ಕಳಸ್ತೀನಿ ಸರ್. ಆದರ ಗುಳಿಗಿ ನುಂಗೋವ್ರು ತಿದ್ದುಪಡಿ ಓದಂಗಿಲ್ಲ,” ಎಂದಳು.

ಮರುದಿನ ಬೆಳಿಗ್ಗೆ ಕಬ್ಬು ಕಡಿಯುವ ಹೆಂಗಸರು ಮುಡಬಿಯ ಸ್ಟ್ಯಾಂಡಿನಲ್ಲಿ ಟ್ರ್ಯಾಕ್ಟರ್ ಏರುವ ಹೊತ್ತಿಗೆ ಪೂನಂ ಅಲ್ಲಿದ್ದಳು. ಟ್ರಾಲಿಯ ಅಂಚು ಹಿಡಿದು ಮೇಲೆ ಹತ್ತಿದಳು.

“ಪೇಪರಿನ್ಯಾಗ ಬಂದಾಕಿ ನಾನೇ. ನುಗ್ಗಿ ಸೊಪ್ಪು ಛಲೋದು, ಪಲ್ಯಾ ಮಾಡಿ ತಿನ್ರಿ. ಆದರ ಪೇಪರಿನವರು ಬಿಟ್ಟ ಮಾತು ಕೇಳ್ರಿ. ನಾನು ಕೊಟ್ಟಿದ್ದು ಇಲಿಗೆ, ಮನಷ್ಯಾರಿಗಲ್ಲ. ಔಷಧಾನೂ ಬ್ಯಾರೇದು, ನಿಮ್ಮ ನೋವಿನ ಗುಳಿಗಿ ಅಲ್ಲ. ಸೊಪ್ಪಿನಿಂದ ಪೆಟ್ಟು ಕಮ್ಮಿ ಆತು, ಪೂರಾ ಹೋಗಲಿಲ್ಲ. ಎಲ್ಲಾದಕ್ಕಿಂತ ಗಟ್ಟಿ ಇದ್ದ ಇಲಿ ಯಾವುದು ಹೇಳ್ರಿ? ಆ ಔಷಧಾನೇ ತಗೊಳ್ಳದ್ದು!”

ಯಾರೋ ನಕ್ಕರು. ಹಿರಿಯಳಾದ ಯಶೋದಾಬಾಯಿ ನಗಲಿಲ್ಲ. “ಗುಳಿಗಿ ಇಲ್ಲಂದ್ರ ನಮಗ ಬಗ್ಗಾಕ ಬರಂಗಿಲ್ಲ. ಮತ್ತ ನಿನ್ನ ಓದು ಯಾರಿಗೆ ಬೇಕವ್ವಾ?”

“ಕೆಲವು ಔಷಧ ಬಿಟ್ರ ಜೀವಾನೇ ಹೋಗ್ತದ. ಅಂಥವ್ರಿಗೆ ನನ್ನ ಓದು ಒಂದಿನ ಬೇಕಾಗ್ತದ ಯಶೋದಾಬಾಯಿ. ನಿಮ್ಮ ಗುಳಿಗಿ ಬಿಡಾಕ ಬರ್ತದ. ಬಿಸಲಾಗ ನೀರಿಲ್ಲದ ಮೈಗೆ ಅದನ್ನ ದಿನಾ ನುಂಗೋದಂದ್ರ ಉರಿಯೋ ಒಲಿಗೆ ಊದುಗೊಳವಿ ಊದಿದಂಗ. ಕಲ್ಯಾಣದ ಡಾಕ್ಟರನ್ನ ಇಲ್ಲಿಗೇ ಕರಕೊಂಡು ಬರ್ತೀನಿ, ಮೊಣಕಾಲು ತೋರಸ್ರಿ. ಆದರ ಪರೀಕ್ಷಾಕ್ಕ ರಕ್ತ ಕೊಡಬೇಕು ಮತ್ತ!”

“ನೀನು ಕರಕೊಂಡು ಬಾ, ಮೊದಲ ನಾ ಕೊಡ್ತೀನಿ,” ಎಂದಳು ಯಶೋದಾಬಾಯಿ.

ಮಾತು ಕೊಟ್ಟಂತೆ ಪೂನಂ ಡಾಕ್ಟರ್ ಅನುರಾಧಾರನ್ನು ಕರೆತಂದಳು. ರಕ್ತ ಕೊಟ್ಟವರಲ್ಲಿ ಯಶೋದಾಬಾಯಿಯ ಮೂತ್ರಪಿಂಡವೂ ಸೋಲತೊಡಗಿತ್ತು. ಬೇಗ ಗೊತ್ತಾದ್ದರಿಂದ ಗುಳಿಗೆ ಬಿಟ್ಟದ್ದೇ ಅವಳಿಗೆ ಔಷಧಿಯಾಯಿತು. ಮೊಣಕಾಲಿಗೆ ಶಾಖ, ವ್ಯಾಯಾಮ, ಅಪಾಯ ಕಡಿಮೆಯ ಬೇರೆ ಮಾತ್ರೆ ಎಂದು ಡಾಕ್ಟರ್ ಒಬ್ಬೊಬ್ಬರನ್ನೂ ಕೂಡಿಸಿಕೊಂಡು ತಿಳಿಸಿದರು.

ಸುಮನಬಾಯಿ ಆಸ್ಪತ್ರೆಯಿಂದ ಮನೆಗೆ ಬಂದಳು. ಊತ ಇಳಿದಿತ್ತು. ಮೂತ್ರಪಿಂಡ ಪೂರ್ತಿ ಮೊದಲಿನಂತಾಗಲು ಇನ್ನೂ ಕಾಲ ಬೇಕಿತ್ತು, ಆದರೆ ದಾರಿ ಸರಿಯಾಗಿತ್ತು. ಒಂದು ಸಂಜೆ ಹೊಸ್ತಿಲ ಮೇಲೆ ಕುಳಿತು ತೊಗರಿ ಹಸನು ಮಾಡುತ್ತ ಕೇಳಿದಳು:

“ಪೂನಂ, ನೀ ಇಲಿಗೆ ಸೊಪ್ಪು ಮೊದಲ ಕುಡಿಸಿದ್ದಿ ಅಂತೀ. ನನ್ನಂಗ ಕಿಡ್ನಿ ಕೆಟ್ಟ ಮ್ಯಾಲ ಕುಡಿಸಿದ್ರ ಇಲಿ ಸುಧಾರಸ್ತದೇನು, ಇನ್ನಷ್ಟು ಕೆಡ್ತದೇನು?”

“ಅದನ್ನ ನಾ ನೋಡಿಲ್ಲ ಅತ್ಯಾ.”

“ನೋಡು ಮತ್ತ,” ಎಂದು ಸುಮನಬಾಯಿ ಮೊರದಲ್ಲಿ ತೊಗರಿ ಕೇರಿದಳು.

ಸೋಮವಾರ ಪೂನಂ ಅದೇ ಪ್ರಶ್ನೆಯನ್ನು ಕಲ್ಲಿನಾಥ ಸರ್ ಮುಂದಿಟ್ಟಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಇದು ಪಿಎಚ್‌ಡಿ ಮಾಡುವಷ್ಟು ದೊಡ್ಡ ಕೆಲಸಮ್ಮಾ. ಆಗ್ತದೇನು ನಿನ್ನ ಕಡಿಂದ?”

“ಆಗ್ತದ ಸರ್,” ಎಂದಳು ಪೂನಂ.